ಸೋದರತ್ತೆಯ ಪ್ರಮಾಣ

ಕುಳಗಿಯಿಂದ ಸಿಹಿ ಸುದ್ದಿ ಹೊತ್ತು ಬಂದವಳು ಒಲೆ ಹೊತ್ತಿಸಿ, ಎಸರಿಡೋಣವೆಂದು ತಿರುಗಿದರೆ ಇಡಲಿಕ್ಕೆ ಪಾತ್ರೆಯೇ ಇರಲಿಲ್ಲ. ತಾಮ್ರದ ಹಂಡೆ ಕೂರುತ್ತಿದ್ದ ಮೂಲೆಯಲ್ಲಿ ಅದರ ತಳದ ದುಂಡನೆಯ ಕಲೆ ಮಾತ್ರ ಉಳಿದಿತ್ತು. ಅನ್ನಕ್ಕೊಂದು, ಸಾರಿಗೊಂದು ಎಂದು ಎರಡು ದೊಡ್ಡ ತಪೇಲಿಗಳಿದ್ದವು, ಅವೂ ಇಲ್ಲ. ಹಿಟ್ಟು ನಾದುವ ಪರಾತವೂ ಇಲ್ಲ. ರೊಟ್ಟಿಯ ಹಂಚು, ಮಣ್ಣಿನ ಗಡಿಗೆ, ಚಿಲ್ಲರೆ ಬೋಗುಣಿಗಳನ್ನು ಯಾರೂ ಮುಟ್ಟಿರಲಿಲ್ಲ. ಕಳ್ಳ ಬಲು ತಿಳಿವಳಿಕಸ್ಥ, ಖಾನಾವಳಿ ನಡೆಸಲು ಏನು ಬೇಕೋ ಅಷ್ಟನ್ನೇ ಒಯ್ದಿದ್ದಾನೆ ಎಂದುಕೊಂಡೆ. ಕಳ್ಳ ಎಂದರೆ ಹೊರಗಿನವನು ಎಂಬ ಭ್ರಮೆ ನನಗೆ ಇನ್ನೂ ಇತ್ತು.

ಭ್ರಮೆ ಬಿಡಿಸಿದವಳು ಹಿತ್ತಲ ಮಗ್ಗುಲ ಮನೆಯ ಹೆಂಗಸು. ನಾನು ಬೆಳಿಗ್ಗೆ ಕಟ್ಟಿಗೆ ಲಾರಿ ಹತ್ತಿ ಕುಳಗಿಗೆ ಹೋದ ಮೇಲೆ ನನ್ನ ಮೈದುನ ಒಂದು ಚಕ್ಕಡಿ ತಂದನಂತೆ. ಪಾತ್ರೆಗಳನ್ನು ಹೇರಿ, ಮೇಲೆ ಹುಲ್ಲು ಮುಚ್ಚಿದನಂತೆ. ಮತ್ತೆ ನನ್ನ ಅತ್ತೆ? ಅತ್ತೆ ತನ್ನ ಬಟ್ಟೆಗಂಟು ಕಂಕುಳಲ್ಲಿ ಇಟ್ಟುಕೊಂಡು ಚಕ್ಕಡಿಯ ಹಿಂದೆ ನಡೆದುಕೊಂಡು ಹೋದಳಂತೆ. ಮುದುಕಿಯನ್ನು ಹೆದರಿಸಿ ಕರೆದೊಯ್ದಿದ್ದಾನೆ ಎಂದು ತಿಳಿದೆ. ಪಾತ್ರೆಗಿಂತ ಮೊದಲು ನನಗೆ ಅವಳ ಚಿಂತೆಯಾಯಿತು, ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಅತ್ತೆ ಎಂದರೆ ನನಗೆ ಬರೀ ಗಂಡನ ತಾಯಿಯಲ್ಲ. ಅವಳು ನನ್ನ ಅಪ್ಪನ ಅಕ್ಕ, ಸ್ವಂತ ಸೋದರತ್ತೆ. ನಮ್ಮ ಲಿಂಗವಂತರ ಮನೆಗಳಲ್ಲಿ ಅಕ್ಕನ ಮಗನಿಗೆ ತಮ್ಮನ ಮಗಳನ್ನು ತಂದುಕೊಳ್ಳುವುದು ರೂಢಿ. ಹುಟ್ಟಿದಾಗಲೇ ನಾನು ಅವಳ ಸೊಸೆ ಎಂದು ಗೊತ್ತಾಗಿತ್ತು. ಚಿಕ್ಕಂದಿನಿಂದ 'ನೀ' ಎಂದು ಕರೆದವಳನ್ನು ಮದುವೆಯಾದ ಮೇಲೂ ಹಾಗೇ ಕರೆದೆ. ಗಂಡ ಕಾಮಾಲೆಯಾಗಿ ತೀರಿಕೊಂಡ ಮೇಲೆ ನಾವಿಬ್ಬರೂ ಒಂದೇ ಚಾಪೆಯ ಮೇಲೆ ಮಲಗಿ ಎದ್ದವರು. ದಾಂಡೇಲಿಯಲ್ಲಿ ಕಾರ್ಖಾನೆ ಕಟ್ಟುತ್ತಿದ್ದಾರೆ, ದೇಶದ ಜನವೆಲ್ಲ ಬಂದು ಬಿದ್ದಿದ್ದಾರೆ, ಅವರಿಗೆ ತಿನ್ನಲು ರೊಟ್ಟಿಯಿಲ್ಲ ಎಂದು ಕೇಳಿ ಹಳಿಯಾಳದ ಹಳ್ಳಿಯಿಂದ ಇಲ್ಲಿಗೆ ಬಂದು ಖಾನಾವಳಿ ಇಟ್ಟದ್ದೂ ಇಬ್ಬರೇ.

ಆ ನಾಲ್ಕು ಪಾತ್ರೆಗಳನ್ನು ಮಾಡಿಸಿದವನು ನನ್ನ ಅಜ್ಜ. ಅಜ್ಜ ಹೋದ ಮೇಲೆ ಅವು ಅಪ್ಪನ ಹತ್ತಿರ ಇದ್ದವು. ನನ್ನ ಮದುವೆಯಲ್ಲಿ ಅಪ್ಪ ಅವನ್ನು ನನಗೆ ಬಳುವಳಿ ಕೊಟ್ಟ. ಹೊಸಿಲಲ್ಲಿ ನಿಂತು ಅವಕ್ಕೆ ವಿಭೂತಿ ಹಚ್ಚಿ ಒಳಗೆ ಇಳಿಸಿಕೊಂಡವಳು ಇದೇ ಅತ್ತೆ.

ಮೈದುನ ಕ್ಯಾಸಲ್‌ರಾಕ್ ಸ್ಟೇಷನ್ನಿನಲ್ಲಿ ಮಾಲು ಇಳಿಸುವ ಗುತ್ತಿಗೆದಾರನ ಕೈಕೆಳಗೆ ಇದ್ದ. ಪೋರ್ಚುಗೀಸರ ಗೋವಾದ ಕಡೆ ರೈಲುಗಾಡಿ ನಿಂತ ಮೇಲೆ ಅಲ್ಲಿ ಇಳಿಸಲು ಮಾಲೂ ಉಳಿಯಲಿಲ್ಲ, ಇವನಿಗೆ ಕೂಲಿಯೂ ಉಳಿಯಲಿಲ್ಲ. ಕೆನ್ನೆ ಒಳಗೆ ಹೋಗಿ, ಅಂಗಿ ಮೈಮೇಲೆ ಜೋತುಬಿದ್ದು ಬಂದು ನಿಂತ. ನಾನು ಎಲೆ ಹಾಕಿ ಬಡಿಸಿದೆ. ಪೇಟೆ ಮಾಡಲು, ನೀರು ಕೊಡಲು ಹಚ್ಚಿದೆ. ಯಾವ ಗಿರಾಕಿಗೆ ಶೇಂಗಾ ಚಟ್ನಿಹಿಂಡಿ ಖಾರವಾಗಿ ಬೇಕು, ಯಾರಿಗೆ ಅನ್ನ ಮೆತ್ತಗೆ ಬೇಕು, ಎಲ್ಲವನ್ನೂ ಕಲಿತ. ಉಂಡ ಮನೆಯ ಗಳ ಎಣಿಸುವುದು ಎನ್ನುತ್ತಾರಲ್ಲ, ಅವನು ನೀರು ಕೊಡುತ್ತಲೇ ಎಣಿಸಿ ಮುಗಿಸಿದ್ದ.

ಹುಡುಕಿಕೊಂಡು ಹೋದರೆ, ಕಾರ್ಖಾನೆಯ ಗೇಟಿನ ಹತ್ತಿರ ಹೊಸ ತಗಡಿನ ಷೆಡ್ಡು. ಒಲೆಯ ಮೇಲೆ ನನ್ನ ಹಂಡೆ. ಮೈದುನ ಹೆಗಲ ಮೇಲಿನ ಟವೆಲು ತೆಗೆದು ಮರ್ಯಾದೆಯಿಂದಲೇ ನಿಂತ. ಅತ್ತೆ ಒಳಗೆ ಗೋಡೆಗೆ ಮುಖ ಮಾಡಿ ಬೇಳೆ ಹಸನು ಮಾಡುತ್ತಿದ್ದಳು.

"ವೈನಿ, ಸಿಟ್ಟಾಗಬ್ಯಾಡ್ರಿ" ಎಂದ. "ಇವು ಅವ್ವನ್ನ ಸಾಮಾನ. ಆಕಿ ಅಪ್ಪ ಆಕಿಗೆ ಕೊಟ್ಟದ್ದು. ಇಷ್ಟ ದಿನಾ ನೀವು ಬಳಸಿದ್ರಿ, ಇನ್ನ ನಾ ಬಳಸ್ತೇನಿ."

ನಾನು ಅವನನ್ನು ದಾಟಿ ಒಳಗೆ ಹೋದೆ. "ಅತ್ತಿ, ನಡಿ ಮನಿಗೆ" ಎಂದೆ. ಅವಳು ತಲೆ ಎತ್ತಲಿಲ್ಲ, ಬೇಳೆಯಲ್ಲಿ ಕಲ್ಲು ಹುಡುಕುತ್ತಲೇ ಇದ್ದಳು. ಮಗನ ಮುಂದೆ ಬಾಯಿ ಬಿಡಲು ಹೆದರಿದ್ದಾಳೆ ಎಂದು ತಿಳಿದು ತಿರುಗಿ ಬಂದೆ.

ಇಲ್ಲಿ ಕುಳಗಿಯ ಸುದ್ದಿ ಹೇಳಬೇಕು. ದೀಪಾವಳಿ ಮುಗಿಯುತ್ತಲೇ ಕುಳಗಿ ಅಡವಿಯಲ್ಲಿ ಸಾಗವಾನಿ ಕಡಿತ ಶುರುವಾಗುತ್ತಿತ್ತು. ಅಲ್ಲಿನ ಕ್ಯಾಂಪಿನ ಕೂಲಿಗಳಿಗೆ ಎರಡು ಹೊತ್ತು ಊಟ ಹಾಕುವ ಗುತ್ತಿಗೆ ನನಗೇ ಎಂದು ಅರಣ್ಯ ಖಾತೆಯ ರೇಂಜ್ ಸಾಹೇಬರು ಮಾತು ಕೊಟ್ಟಿದ್ದರು. ಒಂದೇ ಷರತ್ತು, ದೊಡ್ಡ ಪಾತ್ರೆಗಳು ನಮ್ಮವೇ ಇರಬೇಕು. ಬಾಡಿಗೆ ಪಾತ್ರೆ ತಂದವರು ಅರ್ಧ ಹಂಗಾಮಿನಲ್ಲಿ ಪಾತ್ರೆಯವನು ಬಂದ ಎಂದು ಒಲೆ ಆರಿಸಿ ಹೋಗಿದ್ದರಂತೆ. ಹಾಗಾಗಿ ಆ ಹಂಡೆ, ತಪೇಲಿ ಹೋದರೆ ನನಗೆ ತವರಿನ ನೆನಪು ಹೋದಂತಷ್ಟೇ ಅಲ್ಲ, ಆ ವರ್ಷದ ಅನ್ನ ಹೋದಂತೆ. ಆಗಿನ್ನೂ ಮಳೆಗಾಲದ ಮೊದಲು. ದೀಪಾವಳಿಯೊಳಗೆ ಪಾತ್ರೆ ಬಿಡಿಸಿಕೊಳ್ಳಬೇಕಿತ್ತು.

ಮೊದಲು ಸಮಾಜದ ಹಿರಿಯರನ್ನು ಕೂಡಿಸಿದೆ. ಅವರು ಎರಡು ಸಲ ಚಹಾ ಕುಡಿದು, ಇಬ್ಬರೂ ಎರಡೆರಡು ಇಟ್ಟುಕೊಳ್ಳಿ ಎಂದು ನ್ಯಾಯ ಹೇಳಿದರು. ನನ್ನ ವಸ್ತುವಿನ ಅರ್ಧ ನನಗೇ ಕೊಟ್ಟು ಉಪಕಾರ ಮಾಡಿದವರಿಗೆ ಕೈ ಮುಗಿದು, ಹಳಿಯಾಳದ ಬಸ್ಸು ಹತ್ತಿದೆ.

ಹಳಿಯಾಳದ ವಕೀಲರು ಕೊಂಕಣಿ ಮನೆಮಾತಿನವರು, ವಯಸ್ಸಾದವರು. ಪ್ರತಿ ಮಾತಿಗೂ ಕನ್ನಡಕ ತೆಗೆದು ಒರೆಸುತ್ತಿದ್ದರು. ಎಲ್ಲ ಕೇಳಿ, ಇದು ಸ್ಮಾಲ್ ಕಾಜ್ ದಾವೆ ಆಗುತ್ತದೆ ಎಂದರು. ಸಣ್ಣ ಬೆಲೆಯ ವಸ್ತುಗಳ ತಕರಾರು ಅದರಲ್ಲಿ ಬೇಗ ಮುಗಿಯುತ್ತದೆ, ಆದರೆ ಸೋತರೆ ಮೇಲೆ ಅಪೀಲು ಇಲ್ಲ ಎಂದೂ ಹೇಳಿದರು. ಬೇಗ ಎಂಬುದನ್ನು ಮಾತ್ರ ನಾನು ಕಿವಿಗೆ ಹಾಕಿಕೊಂಡೆ. ಮದುವೆಯ ಯಾದಿ ಎಲ್ಲಿ ಎಂದು ಕೇಳಿದರು. ಇಲ್ಲ ಎಂದೆ. ಬೇರೆ ಮನೆಗೆ ಹೆಣ್ಣು ಕೊಡುವಾಗ ಕೊಟ್ಟದ್ದನ್ನೆಲ್ಲ ಯಾದಿ ಬರೆಸುತ್ತಾರೆ. ಸ್ವಂತ ಅಕ್ಕನ ಮನೆಗೆ ಮಗಳನ್ನು ಕೊಡುವವನು ಯಾದಿ ಬರೆಸಿದರೆ ಊರು ನಗುತ್ತದೆ. ವಕೀಲರು ಕನ್ನಡಕ ಒರೆಸುತ್ತ, "ಊರು ನಕ್ಕಿದ್ರ ಛಲೋ ಇತ್ತರಿ, ಬಾಯಾರ" ಎಂದರು.

ಮೊದಲು ನೋಟೀಸು ಹೋಯಿತು. ಉತ್ತರ ಬರಲಿಲ್ಲ. ಆಮೇಲೆ ದಾವೆ ಬರೆಯಲು ಪಾತ್ರೆಗಳ ಬೆಲೆ ಕಟ್ಟಬೇಕಾಯಿತು, ಬೆಲೆ ಕಟ್ಟಲು ತೂಕ ಬೇಕಾಯಿತು. ಪಾತ್ರೆಗಳು ನನ್ನ ಕೈಯಲ್ಲಿಲ್ಲ. ಪ್ರತಿವರ್ಷ ಅವಕ್ಕೆ ಕಲಾಯಿ ಹಾಕುತ್ತಿದ್ದ ಹಳಿಯಾಳದ ಸಾಬರನ್ನು ಹುಡುಕಿಕೊಂಡು ಹೋದೆ. ಅವರು ತಿದಿ ಒತ್ತುತ್ತಲೇ, ಹಂಡೆ ಇಷ್ಟು, ತಪೇಲಿ ಇಷ್ಟು ಎಂದು ಅಂದಾಜು ಹೇಳಿದರು. ಸ್ಟಾಂಪು ಹಚ್ಚಿ ದಾವೆ ದಾಖಲಾಯಿತು. ನಾನು ವಾದಿ, ಮೈದುನ ಪ್ರತಿವಾದಿ. ಅತ್ತೆಯ ಹೆಸರು ಬೇಡವೇ ಬೇಡ ಎಂದು ಹಟ ಹಿಡಿದು ಬಿಡಿಸಿದೆ.

ಸಮನ್ಸು ಹಿಡಿದು ಹೋದ ಬೇಲಿಫನಿಗೆ ಮೈದುನ ಸಿಗಲಿಲ್ಲ. ಎರಡನೆಯ ಸಲವೂ ಸಿಗಲಿಲ್ಲ. ಆದರೆ ಎರಡು ಸಲವೂ ಬೇಲಿಫನಿಗೆ ಅವನ ಖಾನಾವಳಿಯ ಊಟ ಸಿಕ್ಕಿತೆಂದು ನನಗೆ ಗಿರಾಕಿಗಳಿಂದ ತಿಳಿಯಿತು. ವಕೀಲರು ಅರ್ಜಿ ಕೊಟ್ಟು ಸಮನ್ಸನ್ನು ಷೆಡ್ಡಿನ ಬಾಗಿಲಿಗೆ ಅಂಟಿಸುವಂತೆ ಮಾಡಿದರು. ಜೊತೆಗೆ ಇನ್ನೊಂದು ಅರ್ಜಿ ಕೊಟ್ಟರು, ದಾವೆ ಮುಗಿಯುವವರೆಗೆ ಪಾತ್ರೆಗಳು ಕೋರ್ಟಿನ ತಾಬೆಯಲ್ಲಿರಲಿ ಎಂದು. ಅದಕ್ಕೆ ಒಪ್ಪಿಗೆ ಸಿಕ್ಕಿತು. ಮಳೆ ಹಿಡಿಯುವ ಹೊತ್ತಿಗೆ ಹಂಡೆ, ತಪೇಲಿ, ಪರಾತ ಚಕ್ಕಡಿಯಲ್ಲಿ ಹಳಿಯಾಳಕ್ಕೆ ಹೋಗಿ ಕೋರ್ಟಿನ ಉಗ್ರಾಣದಲ್ಲಿ ಕುಳಿತವು. ಅವನಿಗೂ ಇಲ್ಲ, ನನಗೂ ಇಲ್ಲ. ನಾನು ತೆಳ್ಳನೆಯ ಜರ್ಮನ್, ಅಂದರೆ ಅಲ್ಯುಮಿನಿಯಂ, ಪಾತ್ರೆಗಳಲ್ಲಿ ತಳ ಹಿಡಿದ ಅನ್ನ ಬಡಿಸುತ್ತ, ಗಿರಾಕಿಗಳ ಮಾತು ಕೇಳುತ್ತ ಮಳೆಗಾಲ ಕಳೆದೆ. ಒಂದು ಸಲ ಮುದ್ದತ್ತಿಗೆ, ಅಂದರೆ ಕೋರ್ಟು ಕೊಟ್ಟ ತಾರೀಖಿಗೆ, ಹೋದಾಗ ಉಗ್ರಾಣದ ಬಾಗಿಲು ತೆರೆದಿತ್ತು. ನನ್ನ ಹಂಡೆಯಲ್ಲಿ ಪಟ್ಟೇವಾಲರ, ಅಂದರೆ ಕೋರ್ಟಿನ ಜವಾನರ, ಒದ್ದೆ ಛತ್ರಿಗಳು ನಿಂತಿದ್ದವು.

ಪಾತ್ರೆಗಳ ಪಂಚನಾಮೆ ಆದಾಗ ವಕೀಲರು ಹಿಗ್ಗಿದರು. ನಾಲ್ಕರ ಕಂಠದ ಮೇಲೂ ಚುಕ್ಕೆ ಚುಕ್ಕೆಯಾಗಿ ನನ್ನ ಅಜ್ಜನ ಹೆಸರು ಕೆತ್ತಿತ್ತು. ನಿಮ್ಮ ಅಪ್ಪನ ಅಪ್ಪನ ಹೆಸರಿರುವಾಗ ಇನ್ನೇನು ಬೇಕು, ದಾವೆ ಗೆದ್ದ ಹಾಗೇ ಎಂದರು. ಆ ಹಿಗ್ಗು ಮುಂದಿನ ಮುದ್ದತ್ತಿನವರೆಗೆ ಬಾಳಿತು. ಅಂದು ಮೈದುನನ ಕೈಫಿಯತ್ತು, ಅವನ ಲಿಖಿತ ಉತ್ತರ, ಬಂತು. ಹೌದು, ಕಂಠದ ಮೇಲೆ ಹೆಸರಿರುವವನು ನನ್ನ ತಾಯಿಯ ತಂದೆ. ತಾಯಿಗೆ ಮದುವೆಯಲ್ಲಿ ಕೊಟ್ಟ. ತಾಯಿ ಸೊಸೆಗೆ ಬಳಸಲು ಕೊಟ್ಟಿದ್ದಳು, ಈಗ ನನಗೆ ಕೊಟ್ಟಿದ್ದಾಳೆ. ಇಷ್ಟೇ ಇತ್ತು ಅದರಲ್ಲಿ. ವಕೀಲರು ಓದಿ, ಕನ್ನಡಕ ಒರೆಸಿ, ಮತ್ತೆ ಓದಿದರು. ನನ್ನ ಅಜ್ಜನೇ ಅವನಿಗೂ ಅಜ್ಜ. ಸಂಬಂಧದೊಳಗೇ ಸಂಬಂಧ ಬೆಳೆಸಿದ್ದರಿಂದ ಕಂಠದ ಮೇಲಿನ ಹೆಸರು ಇಬ್ಬರ ಕಡೆಗೂ ಸಾಕ್ಷಿ ಹೇಳುತ್ತಿತ್ತು.

ಕಲಾಯಿ ಸಾಬರನ್ನು ಸಾಕ್ಷಿಗೆ ಕರೆಸಿದೆವು. ಪಾಪ, ಒಂದು ದಿನದ ದುಡಿಮೆ ಬಿಟ್ಟು ಬಂದರು. ಪ್ರತಿವರ್ಷ ಕಲಾಯಿ ಮಾಡಿಸಿದವಳು ನಾನೇ ಎಂದು ಗಟ್ಟಿಯಾಗಿ ಹೇಳಿದರು. ಎದುರಿನ ವಕೀಲ ಎದ್ದು, ಹಾಗಾದರೆ ಪಾತ್ರೆ ಯಾರದ್ದು ಎಂದು ಕೇಳಿದ.

"ನಾ ಕಲಾಯಿ ಹಾಕಾಂವ್ರಿ ಸಾಬ್" ಎಂದರು ಅವರು. "ಪಾತ್ರಿ ಒಳಗ ನೋಡ್ತೇನಿ. ಯಾರದು ಅಂತ ಯಾಕ ಕೇಳಲಿ?"

ಕೋರ್ಟಿನಲ್ಲಿದ್ದವರೆಲ್ಲ ನಕ್ಕರು. ಜಡ್ಜ್ ಸಾಹೇಬರೂ ಬರೆಯುತ್ತ ನಕ್ಕರು. ಸಾಹೇಬರು ಮೈಸೂರ ಕಡೆಯಿಂದ ಹೊಸದಾಗಿ ಬಂದವರು. ನಮ್ಮ ಮಾತು ಅವರಿಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧವನ್ನು ಶಿರಸ್ತೇದಾರರು ತಿಳಿಸುತ್ತಿದ್ದರು.

ಅಪ್ಪ, ಅವ್ವ ಇಬ್ಬರೂ ತೀರಿಕೊಂಡಿದ್ದರು, ಇನ್ನು ಸಾಕ್ಷಿಗೆ ಉಳಿದವನು ನನ್ನ ಅಣ್ಣ. ಅಪ್ಪ ಪಾತ್ರೆ ಕೊಟ್ಟಾಗ ಅವನು ಆಗಲೇ ಮೀಸೆ ಬಂದ ಹುಡುಗ, ಪಾತ್ರೆಗಳನ್ನು ಚಕ್ಕಡಿಗೆ ಏರಿಸಿದವನೇ ಅವನು. ಮುಂಡಗೋಡದ ಹತ್ತಿರ ಸನವಳ್ಳಿಯಲ್ಲಿ ಹೊಲ ಮಾಡಿಕೊಂಡಿದ್ದ. ಹಳಿಯಾಳಕ್ಕೆ ಬಂದು, ಯಲ್ಲಾಪುರಕ್ಕೆ ಹೋಗಿ, ಅಲ್ಲಿಂದ ಮುಂಡಗೋಡದ ಬಸ್ಸು ಹಿಡಿದು, ಕೆಸರಲ್ಲಿ ನಡೆದು ಅವನ ಮನೆ ಮುಟ್ಟಿದೆ. ಅತ್ತಿಗೆ ಬಿಸಿನೀರು ಕೊಟ್ಟಳು, ರೊಟ್ಟಿ ತಟ್ಟಿದಳು. ಅಣ್ಣ ನನ್ನ ಮಾತು ಮುಗಿಯುವ ಮೊದಲೇ ದನದ ಕೊಟ್ಟಿಗೆಯ ಕಡೆ ಎದ್ದು ಹೋದ. ಹಿಂದೆಯೇ ಹೋದೆ.

"ತಂಗಿ, ಕೋರ್ಟಿನ್ಯಾಗ ನಿಂತು ಇದು ನಮ್ಮಪ್ಪಂದು, ಅದು ನಮ್ಮಜ್ಜಂದು ಅಂತ ನಾ ಹೇಳಾಕ ಶುರು ಮಾಡಿದ್ರ, ಅತ್ತಿ ನಾಳೆ ಹೊಲದ ಮಾತು ತಗೀತಾಳ" ಎಂದ. "ಹೊಸಾ ಕಾಯ್ದೆ ಬಂದೈತಂತ. ಹೆಣ್ಮಕ್ಕಳಿಗೂ ಪಾಲಂತ. ತಾಮ್ರದ ಸಂಬಂಧ ಹೊಲಾ ಕಳಕೊಳ್ಳಲೇನು?"

ಹಾಗೆ ಹೇಳಿದ ಮೇಲೆ ಅವನು ನನ್ನನ್ನೇ ಒಂದು ಗಳಿಗೆ ನೋಡಿದ. ನಾನೂ ಹೆಣ್ಣುಮಗಳೇ, ಪಾಲು ನನಗೂ ಬರುತ್ತದೆ ಎಂಬುದು ಅವನಿಗೆ ಆಗ ಹೊಳೆಯಿತೆಂದು ಕಾಣುತ್ತದೆ. ಮರುದಿನ ಬಸ್‌ಸ್ಟ್ಯಾಂಡಿನವರೆಗೆ ಕಳಿಸಲೂ ಬರಲಿಲ್ಲ. ಒಡಹುಟ್ಟಿದವನೇ ಹೀಗೆ ಮಾಡಿದ ಮೇಲೆ ದಾರಿಯುದ್ದಕ್ಕೂ ನನಗೆ ಅಳು ಬಂತು. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಗೌಳಿಗಿತ್ತಿ ಯಾರು ಸತ್ತರು ಎಂದು ಕೇಳಿದಳು. ಅಣ್ಣ ಎಂದುಬಿಟ್ಟೆ.

ದೀಪಾವಳಿ ಹತ್ತಿರ ಬಂತು. ರೇಂಜ್ ಆಫೀಸಿನ ಗಾರ್ಡ್ ಒಬ್ಬ ಊಟಕ್ಕೆ ಬಂದವನು, ಸಾಹೇಬರು ಕೇಳುತ್ತಿದ್ದಾರೆ, ಪಾತ್ರೆ ಬಂದವೋ ಇಲ್ಲವೋ ಎಂದ. ಮೈದುನನೂ ಕುಳಗಿಗೆ ಎರಡು ಸಲ ಹೋಗಿ ಬಂದನಂತೆ. ನಾನು ವಕೀಲರ ಕಟ್ಟೆಯ ಮೇಲೆ ಹೋಗಿ ಕುಳಿತೆ. ಇನ್ನು ಸಾಕ್ಷಿ ಯಾರೂ ಇಲ್ಲ, ಎದುರಿನವರು ಅತ್ತೆಯನ್ನು ಸಾಕ್ಷಿಗೆ ಕರೆಸುತ್ತಾರೆ, ಅವಳು ಮಗನ ಪರವಾಗಿ ನಾಲ್ಕು ಮಾತು ಹೇಳಿದರೆ ಮುಗಿಯಿತು ಎಂದು ವಕೀಲರು ಹೇಳಿದರು. ನನಗೆ ನಗು ಬಂತು. ಕೋರ್ಟಿನ ಪ್ರಮಾಣವನ್ನು ನಮ್ಮ ಕಡೆ ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಪಟ್ಟೇವಾಲ ಗಿಳಿಪಾಠ ಹೇಳಿಸುತ್ತಾನೆ, ಜನ ಹೇಳುತ್ತಾರೆ. ಲಿಂಗ ಕೈಯಲ್ಲಿ ಹಿಡಿಸಿ ಕೇಳಿದರೆ ಅತ್ತೆ ಸುಳ್ಳು ಹೇಳುವುದಿಲ್ಲ, ಪ್ರಾಣ ಹೋದರೂ ಹೇಳುವುದಿಲ್ಲ ಎಂದೆ.

ವಕೀಲರು ಕನ್ನಡಕ ಒರೆಸುವುದನ್ನು ನಿಲ್ಲಿಸಿದರು. ಹಾಗೊಂದು ಹಳೆಯ ಕಾಯ್ದೆ ಇದೆ ಎಂದರು. ಒಬ್ಬ ಪಕ್ಷಗಾರ, ಎದುರಿನವನಾಗಲಿ ಸಾಕ್ಷಿಯಾಗಲಿ ತಮ್ಮ ಧರ್ಮದ ರೀತಿಯಲ್ಲಿ ಪ್ರಮಾಣ ಮಾಡಿ ಹೇಳಿದರೆ ನಾನು ಒಪ್ಪುತ್ತೇನೆ ಎಂದು ಕೋರ್ಟಿಗೆ ಹೇಳಬಹುದು. ಅವರು ಹೇಳಿದ್ದೇ ಕೊನೆ, ಆಮೇಲೆ ತಿರುಗಿ ಮಾತಾಡುವ ಹಾಗಿಲ್ಲ. ಅಂದೇ ತೀರ್ಪು.

"ವಿಚಾರ ಮಾಡ್ರಿ, ಬಾಯಾರ. ನಿಮ್ಮ ಕುತ್ತಿಗಿ ನೀವ ಅವರ ಕೈಯಾಗ ಕೊಟ್ಟಂಗ ಆಗ್ತದ."

"ಅವರ ಕೈಯಾಗಲ್ಲರಿ, ನಮ್ಮತ್ತಿ ಕೈಯಾಗ" ಎಂದೆ.

ವಿಚಾರ ಮಾಡಲು ನನಗೆ ಏನೂ ಇರಲಿಲ್ಲ. ಅವಳನ್ನು ನಾನು ಹುಟ್ಟಿದಾಗಿನಿಂದ ಕಂಡವಳು. ಜ್ವರದಲ್ಲಿ ಏಳಲಾಗದಾಗಲೂ ನನ್ನ ಭುಜ ಹಿಡಿದು ಕುಳಿತು ಲಿಂಗಪೂಜೆ ಮಾಡಿದವಳು, ಪೂಜೆಯಿಲ್ಲದೆ ಗುಟುಕು ನೀರು ಕುಡಿಯದವಳು. ಹೀಗೆ ಕೇಳಿದರೆ ಮಗನ ಹಿಡಿತದಿಂದ ಅವಳೂ ಬಿಡಿಸಿಕೊಂಡಂತಾಗುತ್ತದೆ, ಲಿಂಗದ ಮುಂದೆ ನಿಜ ಹೇಳಿದೆ ಎಂದರೆ ಅವನೂ ಬೈಯುವಂತಿಲ್ಲ ಎಂದು ನನ್ನಷ್ಟಕ್ಕೆ ಲೆಕ್ಕ ಹಾಕಿದೆ. ಅರ್ಜಿಯ ಮೇಲೆ ಸಹಿ ಮಾಡಿದೆ. ಕನ್ನಡ ನಾಲ್ಕನೆಯ ಇಯತ್ತೆ ಓದಿದ್ದೆ, ಅಕ್ಷರ ದುಂಡಗಿವೆ ಎಂದು ವಕೀಲರು ಹೊಗಳಿದರು.

ಅರ್ಜಿಯ ನಕಲು ಎದುರಿನವರಿಗೆ ಹೋಯಿತು. ಅವರು ಒಪ್ಪುವುದಿಲ್ಲ, ಏನೋ ನೆವ ತೆಗೆಯುತ್ತಾರೆ ಎಂದು ವಕೀಲರು ಎಣಿಸಿದ್ದರು. ಅತ್ತೆ ಒಪ್ಪಿದ್ದಾಳೆ ಎಂದು ಉತ್ತರ ಬಂತು. ನೋಡಿದಿರಾ, ನಿಜ ಹೇಳಲು ದಾರಿ ಕಾಯುತ್ತಿದ್ದಳು ಎಂದು ನಾನು ಕುಣಿದೆ. ಆ ಸಂಜೆ ಕಲಾಯಿ ಸಾಬರ ಬಳಿ ಹೋಗಿ, ಪಾತ್ರೆ ಬಿಡುಗಡೆಯಾದ ಕೂಡಲೇ ಕಲಾಯಿ ಹಾಕಬೇಕು, ಕುಳಗಿಗೆ ಒಯ್ಯಬೇಕು ಎಂದು ಹೇಳಿಟ್ಟು ಬಂದೆ.

ಪ್ರಮಾಣದ ದಿನ ಅತ್ತೆ ಬಿಳಿಯ ಸೀರೆ ಉಟ್ಟು, ಹಣೆ ತುಂಬ ವಿಭೂತಿ ಹಚ್ಚಿ ಬಂದಳು. ಸೊರಗಿದ್ದಳು. ನನ್ನ ಕಡೆ ನೋಡಲಿಲ್ಲ. ಪಾತ್ರೆಗಳನ್ನು ಜಡ್ಜ್ ಸಾಹೇಬರ ಮುಂದೆ ಸಾಲಾಗಿ ಇಟ್ಟಿದ್ದರು, ಮಳೆಗಾಲದ ತೇವಕ್ಕೆ ಹಸಿರು ಹಿಡಿದಿದ್ದವು. ಸಾಹೇಬರು ಮೊದಲು ನನ್ನನ್ನು ಕೇಳಿದರು, ಈ ಸಾಕ್ಷಿಯ ಮಾತಿಗೆ ನೀನು ಕಟ್ಟುಬೀಳುತ್ತೀಯಾ ಎಂದು. ಹೌದು ಎಂದೆ. ಆಮೇಲೆ ಅತ್ತೆಯ ಕಡೆ ತಿರುಗಿ, ಮೆಲ್ಲಗೆ, "ಇಷ್ಟವಿಲ್ಲದಿದ್ದರೆ ನೀವು ಪ್ರಮಾಣ ಮಾಡಬೇಕಾಗಿಲ್ಲ ಅಮ್ಮ. ಯಾರೂ ಬಲವಂತ ಮಾಡುವುದಿಲ್ಲ" ಎಂದರು. ಶಿರಸ್ತೇದಾರರು ಅದನ್ನು ನಮ್ಮ ಮಾತಿನಲ್ಲಿ ಇನ್ನೊಮ್ಮೆ ಹೇಳಿದರು. ಮಾಡ್ತೇನಿ ಎಂದಳು ಅತ್ತೆ.

ಕೊರಳಿನ ದಾರ ಎಳೆದು ಕರಡಿಗೆಯನ್ನು ಹೊರಗೆ ತೆಗೆದಳು. ಲಿಂಗ ಇರುವ ಬೆಳ್ಳಿಯ ಭರಣಿ ಅದು, ಮೊಟ್ಟೆಯಷ್ಟು ದೊಡ್ಡದು. ಅದನ್ನು ಎಡಗೈಯ ಮೇಲಿಟ್ಟು, ಬಲಗೈ ಮುಚ್ಚಿದಳು. ಕರಡಿಗೆ ತೆರೆಯಲಿಲ್ಲ. ನಿಯಮ ನೋಡಿದರೆ ಲಿಂಗ ಹೊರಗೆ ಬಂದು ಅಂಗೈಯ ಮೇಲೆ ಇರಬೇಕು. ಸಾಹೇಬರಿಗೆ ಅದು ಗೊತ್ತಿಲ್ಲ, ನನ್ನ ವಕೀಲರಿಗೂ ಗೊತ್ತಿಲ್ಲ. ನನಗೆ ಗೊತ್ತಿತ್ತು. ಆದರೆ ಹಳೆಯ ಕಾಲದ ಹೆಂಗಸರು ಪರರ ಕಣ್ಣಿಗೆ ಲಿಂಗ ತೋರಿಸುವುದಿಲ್ಲ. ಇಷ್ಟು ಜನ ಗಂಡಸರು, ಬೇರೆ ಧರ್ಮದವರು, ಪೊಲೀಸರು ತುಂಬಿದ ಕೋಣೆಯಲ್ಲಿ ಅವಳು ತೆರೆಯದಿದ್ದದ್ದೇ ಸರಿ ಎನಿಸಿತು. ತೆರೆ ಎಂದು ಕೇಳುವುದು ಅವಳನ್ನು ಅವಮಾನ ಮಾಡಿದಂತೆ. ಸುಮ್ಮನಿದ್ದೆ.

"ಈ ನಾಕೂ ಸಾಮಾನ ನಮ್ಮಪ್ಪ ನನ್ನ ಮದುವ್ಯಾಗ ನನಗ ಕೊಟ್ಟದ್ದು" ಎಂದಳು. "ನನ್ನ ಸೊಸೀಗೆ ಬಳಸಾಕ ಕೊಟ್ಟಿದ್ದೆ. ಆಕೀದಲ್ಲ."

ನಾನು ತಪ್ಪು ಕೇಳಿಸಿಕೊಂಡೆ ಎಂದೇ ತಿಳಿದೆ. ಸಾಹೇಬರು ಬರೆಯುತ್ತಿದ್ದರು. ವಕೀಲರು ನನ್ನ ಕಡೆ ತಿರುಗಲೇ ಇಲ್ಲ, ಮೇಜಿನ ಮೇಲಿನ ಕಾಗದಗಳನ್ನು ಒಂದರ ಮೇಲೊಂದು ಸರಿಯಾಗಿ ಜೋಡಿಸಿದರು. ದಾವೆ ವಜಾ, ಪಾತ್ರೆಗಳು ಪ್ರತಿವಾದಿಗೆ. ಊಟದ ವಿರಾಮಕ್ಕೆ ಮೊದಲೇ ಎಲ್ಲ ಮುಗಿದುಹೋಯಿತು. ತೀರ್ಪು ಬರೆದು ಸಹಿ ಮಾಡುವುದು ಮಾತ್ರ ಮಧ್ಯಾಹ್ನಕ್ಕೆ ಉಳಿಯಿತು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಮಾತನ್ನು ನಾನು ಎಷ್ಟು ಜನ ಗಿರಾಕಿಗಳಿಗೆ ಹೇಳಿ ನಕ್ಕಿದ್ದೆನೋ.

ಹೊರಗೆ ಮೈದುನ ಚಕ್ಕಡಿ ತರಲು ಹೋಗಿದ್ದ. ಅತ್ತೆ ಹುಣಸೆಮರದ ನೆರಳಲ್ಲಿ ಒಬ್ಬಳೇ ಕುಳಿತಿದ್ದಳು. ಬೈಯಬೇಕೆಂದು ಹೋದವಳು ಅವಳ ಎದುರು ಕುಕ್ಕರಿಸಿದೆ.

"ಅತ್ತಿ, ಲಿಂಗಾ ಹಿಡಕೊಂಡು ಹೆಂಗ ಸುಳ್ಳ ಹೇಳಿದಿ?" ಎಂದೆ.

ಅವಳು ಸುತ್ತ ನೋಡಿದಳು. ಕರಡಿಗೆಯನ್ನು ಮಡಿಲಲ್ಲಿಟ್ಟು, ಮುಚ್ಚಳ ತೆಗೆದು ನನಗೆ ತೋರಿಸಿದಳು. ಒಳಗೆ ಮಡಿಚಿದ ಬಿಳಿ ಅರಿವೆಯ ಚೂರು ಇತ್ತು. ಲಿಂಗ ಇರಲಿಲ್ಲ.

"ಲಿಂಗಾ ಹಿಡಕೊಂಡು ಹೇಳಿಲ್ಲ" ಎಂದಳು. "ಮುಂಜಾನೆ ಪೂಜಿ ಮಾಡಿ ದೇವರ ಜಗಲಿ ಮ್ಯಾಲೆ ಬಿಟ್ಟು ಬಂದೇನಿ."

ದೀಕ್ಷೆಯಾದವರು ಲಿಂಗವನ್ನು ಮೈಯಿಂದ ಅಗಲಿಸುವುದಿಲ್ಲ. ಅಗಲಿಸಿದವರು ಉಸಿರಾಡುತ್ತಿದ್ದರೂ ಸತ್ತವರೇ. ಲಿಂಗದ ಮೇಲೆ ಸುಳ್ಳು ಹೇಳಬಾರದೆಂದು ಅವಳು ಅದಕ್ಕಿಂತ ದೊಡ್ಡ ಪಾಪ ಮಾಡಿದ್ದಳು, ಅದನ್ನೂ ಬೆಳಿಗ್ಗೆಯೇ ಎದ್ದು ಯೋಚಿಸಿ ಮಾಡಿದ್ದಳು. ಯಾಕೆ ಎಂದು ಕೇಳಿದೆ.

"ನಿನ್ನ ಕೈಯಾಗ ಕಸುಬೈತಿ. ಎಲ್ಲಿ ಒಗದ್ರೂ ಬದಕ್ತಿ. ಅವಗ ನಾ ಬಿಟ್ರ ಯಾರದಾರ?"

ಮಗ ಹೆದರಿಸಿದ ಎಂದಿದ್ದರೆ ಸಹಿಸುತ್ತಿದ್ದೆ. ಹೊಟ್ಟೆಯ ಮಗನ ಮೇಲಿನ ಮೋಹ ಎಂದಿದ್ದರೂ ಸಹಿಸುತ್ತಿದ್ದೆನೇನೋ. ನಾನು ದುಡಿಯಬಲ್ಲೆ, ಆದ್ದರಿಂದ ನನ್ನದನ್ನು ಕಿತ್ತುಕೊಳ್ಳಬಹುದು! ಇಷ್ಟು ವರ್ಷ ಒಲೆಯ ಮುಂದೆ ಬೆಂದು, ಅವಳಿಗೂ ಅವನಿಗೂ ಬಡಿಸಿದ್ದಕ್ಕೆ ಇದು ಸಿಕ್ಕ ಕೂಲಿ. ನನ್ನ ರಕ್ತವೇ ನನಗೆ ಹೀಗೆ ಮಾಡಿತಲ್ಲ.

ಆಗ ನನಗೆ ಹೊಳೆಯಿತು, ಸಾಹೇಬರು ಇನ್ನೂ ಸಹಿ ಮಾಡಿಲ್ಲ. ಒಳಗೆ ಹೋಗಿ ಕರಡಿಗೆ ತೆರೆಸಿರಿ ಎಂದರೆ ಸಾಕು. ಪ್ರಮಾಣವೇ ಆಗಿಲ್ಲ ಎಂದಾಗುತ್ತದೆ, ದಾವೆ ಮತ್ತೆ ಜೀವ ಪಡೆಯುತ್ತದೆ, ಹಂಡೆ ಮರಳಿ ಉಗ್ರಾಣಕ್ಕೆ ಹೋಗುತ್ತದೆ. ವಕೀಲರು ಮೆಟ್ಟಿಲ ಮೇಲೆಯೇ ನಿಂತಿದ್ದರು. ಆದರೆ ಅದನ್ನು ಹಳಿಯಾಳದ ಪೇಟೆಯ ಜನರೆಲ್ಲ ಕೇಳುವಂತೆ ಹೇಳಬೇಕು. ಈ ಮುದುಕಿ ಲಿಂಗ ಬಿಟ್ಟು ಬಂದಿದ್ದಾಳೆ ಎಂದು ಒಮ್ಮೆ ಹೊರಬಿದ್ದರೆ ಅವಳ ಕೈಯ ನೀರು ಯಾರೂ ಮುಟ್ಟುವುದಿಲ್ಲ. ಯಾವ ಸ್ವಾಮಿಯೂ ಅವಳ ಮನೆಗೆ ಪಾದ ಇಡುವುದಿಲ್ಲ. ಸತ್ತರೆ ಮಣ್ಣು ಕೊಡಲು ಬರುವವರಿರುವುದಿಲ್ಲ.

ಅವಳ ಮುಖ ನೋಡಿದೆ. ಹೆದರಿಕೆ ಇರಲಿಲ್ಲ. ಬೇಡಿಕೆಯೂ ಇರಲಿಲ್ಲ. ಕರಡಿಗೆಯ ಮುಚ್ಚಳ ಹಾಕಿ, ಸೆರಗಿನೊಳಗೆ ಸೇರಿಸಿ, ದಾಂಡೇಲಿಗೆ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದಳು. ನಾನು ಹೇಳುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ತೆರೆದು ತೋರಿಸಿದ್ದಳು. ಒಳಗೆ ನಾನು ಅವಳನ್ನು ನಂಬಿ ಕೆಟ್ಟೆ, ಹೊರಗೆ ಅವಳು ನನ್ನನ್ನು ನಂಬಿ ಗೆದ್ದಳು. ಕುಳಗಿಯ ಗುತ್ತಿಗೆ ಮೈದುನನಿಗೆ ಹೋಯಿತು, ನಾನು ಜರ್ಮನ್ ಪಾತ್ರೆಗಳಲ್ಲಿಯೇ ಬೇಯಿಸುತ್ತ ಉಳಿದೆ. ಅವಳು ಹೇಳಿದಂತೆ ಬದುಕಿದೆ, ಅದೇ ನನಗೆ ಹೆಚ್ಚು ನೋವು. ಅವಳನ್ನು ನಾನು ಕ್ಷಮಿಸಿಲ್ಲ. ಅವಳು ಮಣ್ಣು ಸೇರಿದ ದಿನ ಸ್ವಾಮಿಗಳು ಬಂದರು, ಎಲ್ಲ ವಿಧಿಗಳೂ ಆದವು. ಜನ ಅವಳ ನಿಷ್ಠೆಯನ್ನು ಹೊಗಳಿದರು, ನಾನು ಹೌದೆಂದು ತಲೆಯಾಡಿಸಿದೆ.

ಆ ಮಧ್ಯಾಹ್ನ ವಕೀಲರು ಮೆಟ್ಟಿಲಿಳಿದು ನನ್ನ ಹತ್ತಿರ ಬಂದರು. ಸಹಿ ಆಗಲು ಇನ್ನೂ ಹೊತ್ತಿದೆ ಎಂದರು. ಅತ್ತೆ ಕುಳಿತಿದ್ದ ಕಡೆ ನೋಡಿ, "ಏನಂದ್ರರಿ ನಿಮ್ಮತ್ತಿ?" ಎಂದು ಕೇಳಿದರು.

"ಬಸ್ ಎಷ್ಟೊತ್ತಿಗೈತಿ ಅಂತ ಕೇಳಿದ್ಲು" ಎಂದೆ.